ಬಿ ಬದಿಯ ಎರಡನೆಯದು

ಇದರಲ್ಲಿ ಹಾಡೆಲ್ಲಿದೆ ಅನ್ನುತ್ತೀಯ, ಸಿನ್ನೊವೆ.
ಕೂತುಕೋ. ಮುಳ್ಳು ಈಗಷ್ಟೇ ಇಳಿದಿದೆ.
ಮೊದಲ ನಾಲ್ಕು ನಿಮಿಷ ಏನೂ ಆಗುವುದಿಲ್ಲ;
ಏನೂ ಆಗದಂತೆ ಅಷ್ಟು ಜತನದಿಂದ
ಕಾದವನೊಬ್ಬ ಇದ್ದ ಅನ್ನುವುದೇ
ಆ ನಾಲ್ಕು ನಿಮಿಷದ ಸುದ್ದಿ.

ತೊಂಬತ್ತೊಂದನೇ ಇಸವಿ, ಟ್ರೊಮ್ಸೊ.
ನವೆಂಬರಿನಲ್ಲಿ ಲೆಕ್ಕ ಚುಕ್ತಾ ಮಾಡಿ ಹೋದ ಸೂರ್ಯ
ಜನವರಿ ನಡುವಿನತನಕ ಈ ಕಡೆ ತಲೆ ಹಾಕುವುದಿಲ್ಲ.
ಮಧ್ಯಾಹ್ನ ಗಳಿಗೆ ಹೊತ್ತು
ಹಿಮದ ಮೇಲೆ ಶಾಯಿ ತೊಳೆದ ನೀರಿನ ನೀಲಿ,
ಆಮೇಲೆ ಮತ್ತೆ ಬಾಗಿಲು.

ನಾನು ಮೀನು ಕಾರ್ಖಾನೆಯಲ್ಲಿ, ರಾತ್ರಿ ಪಾಳಿ,
ರಬ್ಬರ್ ಬೂಟು, ಎರಡು ಜೊತೆ ಕೈಗವಸು.
ಎದುರು ಸಾಲಿನಲ್ಲಿ ಐವಿಂಡ್, ಮಾತು ಕಮ್ಮಿ,
ಕಾಡ್ ಮೀನಿನ ಬೆನ್ನೆಲುಬು ಬಿಡಿಸುತ್ತ
ಗೋಡೆಗೆ ಕಿವಿ ಕೊಟ್ಟು ನಿಲ್ಲುವನು.
ಗೋಡೆಯಾಚೆ ಶೈತ್ಯಾಗಾರದ ಮೂರು ಕಂಪ್ರೆಸರ್.
ಮೊದಲೆರಡು ಸಾಧು. ಮೂರನೆಯದು ಕುಂಟು:
ಮೂರು ಹೆಜ್ಜೆ ಸರಿ, ನಾಲ್ಕನೆಯದು ತಡ,
ಮೆಟ್ಟಿಲು ಇಳಿಯುವವಳು ಬೀಗ ಹಾಕಿದೆನೋ ಇಲ್ಲವೋ ಎಂದು
ಅರೆಗಳಿಗೆ ನಿಂತ ಹಾಗೆ.
ಮೆಕ್ಯಾನಿಕ್ ಓಡ್ವಾರ್ ವಾರಕ್ಕೊಮ್ಮೆ ಬೈದು, ಎಣ್ಣೆ ಬಿಟ್ಟು,
ಹುಟ್ಟುಗುಣ, ಅಂದು ಹೋಗುತ್ತಿದ್ದ.

ಒಂದು ರಾತ್ರಿ ಐವಿಂಡ್ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ತಂದ
ಕ್ಯಾಸೆಟ್ ರೆಕಾರ್ಡರನ್ನು ಗೋಡೆಗೆ ಆನಿಸಿಟ್ಟ.
ಮೇಸ್ತ್ರಿ ಯೆರ್ಮುಂಡ್ ನೋಡಿದ, ಬೆವತ.
ಸಂಘದವರು ಸದ್ದಿನ ಮೇಲೆ ದೂರು ಕೊಡಲು
ಸಾಕ್ಷಿ ಕೂಡಿಹಾಕುತ್ತಿದ್ದಾರೆಂದೇ ಬಗೆದ.
ಮುಂದಿನ ವಾರ ನಲವತ್ತೂ ಮಂದಿಗೆ
ಹೊಚ್ಚ ಹೊಸ ಕೆಂಪು ಕಿವಿಮುಚ್ಚಳ!
ಅಲ್ಲಿಂದಾಚೆ ಮೂರನೆಯದನ್ನು
ನಾವ್ಯಾರೂ ಕೇಳಲಿಲ್ಲ.

ಅವನು ಕೆಲಸ ಬಿಟ್ಟ ಮೇಲೆ ಬಂದದ್ದು ಈ ತಟ್ಟೆ.
ಬಿಳಿ ರಟ್ಟು, ಹೆಸರಿಲ್ಲ, ಅಂಚೆ ಮುದ್ರೆಯಂತೆ ಒತ್ತಿದ ಅಂಕೆ:
ಮುನ್ನೂರರಲ್ಲಿ ನನ್ನದು ನೂರಹನ್ನೆರಡು.
ಬಸ್ ಸ್ಟಾಪಿನಲ್ಲಿ ಕೈಗಿತ್ತು, ಚಳಿ ಅಂದ. ಹೌದು ಅಂದೆ.
ಒಂದು ವಾರ ತಪ್ಪು ವೇಗದಲ್ಲಿ ಹಾಕಿಕೊಂಡು
ಇಷ್ಟೊಂದು ಅವಸರದವನಾಗಿದ್ದನೇ ಎಂದು ಮರುಗಿದೆ.
ಮೂವತ್ತಮೂರಕ್ಕೆ ತಿರುಗಿಸಿದ ರಾತ್ರಿ
ಸೇತುವೆಯಡಿ ಹಡಗೊಂದು ದೀಪ ತಗ್ಗಿಸಿ ಸರಿದಂತೆ
ಉದ್ದದ ಸ್ವರ, ಅದರ ಕೆಳಗೊಂದು ಸ್ವರ,
ದಿಂಬಿನೊಳಗಿಂದ ಕೇಳುವ ನಮ್ಮದೇ ಎದೆಯಂಥ ತಾಳ,
ಆಮೇಲೆ
ಆ ಕುಂಟು.

ಬಲಗೈ ತಾನಾಗಿ ಎದ್ದು ಖಾಲಿ ಗಾಳಿಯಲ್ಲಿ
ಕಿವಿರಿನ ಹಿಂದೆ ಓರೆಯಾಗಿ ಒಂದು ಗೀರು ಎಳೆಯಿತು.

ಓಸ್ಲೊದ ಪತ್ರಿಕೆಯವನು ಬರೆದ:
ಬಾಹ್ಯಾಕಾಶ, ಧ್ರುವಪ್ರಭೆ, ಇನ್ನೂ ಏನೇನೋ.
ಪಾಪ, ಅಮೋನಿಯದ ವಾಸನೆ ಕಿವಿಗೆ ಹತ್ತುವುದಿಲ್ಲವಲ್ಲ.

ಐವಿಂಡನ ಬಳಿಯಿದ್ದದ್ದು ಯಾರೋ ಬಳಸಿ ಮಾರಿದ ಡ್ರಮ್ ಮೆಶಿನ್ನು,
ಯಾರಿಗೂ ಕಾಯುವ ಜಾಯಮಾನವಲ್ಲ ಅದರದು.
ಕುಂಟನ್ನು ಕತ್ತರಿಸಿ ಅಂಟಿಸಿ ಸಾಲಿಗೆ ನಿಲ್ಲಿಸಬಹುದಿತ್ತು,
ಅರ್ಧ ದಿನದ ಕೆಲಸ.
ಅವನು ನಾಲ್ಕನೇ ಹೆಜ್ಜೆ ಬರುವತನಕ
ಮೆಶಿನ್ನನ್ನೇ ಕಾಯಿಸಿದ.
ಕೇಳು, ಈಗ,
ಇಡೀ ತಾಳ ಉಸಿರು ಹಿಡಿದು ನಿಂತಿದೆ,
ಮಂಜಿನಲ್ಲಿ ಓಡಿಬರುವವಳಿಗಾಗಿ ಬಸ್ಸು ತಡೆದು
ಕನ್ನಡಿಯಲ್ಲಿ ನೋಡುತ್ತ, ಗೊಣಗದೆ
ಕೂತ ಡ್ರೈವರನ ಹಾಗೆ.
ಬಂತು.
ಹೊರಟಿತು.

ಕಾರ್ಖಾನೆ ಈಗ ಹೋಟೆಲು. ಬೆಳಗಿನ ತಿಂಡಿಗೆ
ಹೊಗೆ ಹಾಕಿದ ಮೀನು ಕಾಗದದಷ್ಟು ತೆಳ್ಳಗೆ.
ಕಂಪ್ರೆಸರುಗಳನ್ನು ಗುಜರಿಗೆ ತೂಗಿ ಕೊಟ್ಟರಂತೆ.
ಐವಿಂಡ್ ಬೋಡೊದಲ್ಲಿ ಕಿವಿಯ ಮೆಶಿನ್ನು ಮಾರುತ್ತಾನೆಂದು
ಯಾರೋ ಅಂದರು, ಇನ್ಯಾರೋ ಅಲ್ಲ ಅಂದರು.

ಆ ಚಿರಚಿರ ಅವನದಲ್ಲ, ನನ್ನ ಮನೆಯ ಧೂಳು.
ಇರಲಿ ಬಿಡು.
ಏನೋ ಕೇಳಿದ್ದೆಯಲ್ಲ ನೀನು, ಮೊದಲಿಗೆ?
ನೋಡು, ಕಾಫಿ ಆರಿಹೋಯಿತು ನಿಂದು.